ಐದು ಗೀರಿನ ಚೋಕ್

ನನ್ನ ಬಂದೂಕಿನ ಬಾಯಿಗೆ ತಿರುಗಿಸಿ ಹಾಕುವ ಮೂರು ಕೊಳವೆಗಳಿದ್ದವು. ಒಂದೊಂದೂ ಹೆಬ್ಬೆರಳಿನಷ್ಟು ಉದ್ದ. ಅವಕ್ಕೆ ಚೋಕ್ ಎನ್ನುತ್ತಾರೆ. ತೋಟಾ ಸಿಡಿದಾಗ ಅದರೊಳಗಿನ ಸೀಸದ ಚರೆಗಳು ನಳಿಗೆಯಲ್ಲಿ ಒಟ್ಟಾಗಿ ಬಂದು, ಹೊರಗೆ ಬಿದ್ದ ಮೇಲೆ ಹರಡುತ್ತವೆ. ಬೇಗ ಹರಡಬೇಕೋ, ನಿಧಾನವಾಗಿ ಹರಡಬೇಕೋ ಎಂಬುದನ್ನು ತುದಿಯ ಈ ಕೊಳವೆ ನಿರ್ಧರಿಸುತ್ತದೆ. ಕೊಳವೆಯ ಅಂಚಿನಲ್ಲಿ ಗೀರುಗಳಿರುತ್ತವೆ. ಒಂದು ಗೀರಿನದು ಬಿಗಿ ಬಾಯಿ. ಮೂರು ಗೀರಿನದು ನಡುವಿನದು. ಐದು ಗೀರಿನದು ಪೂರ್ತಿ ತೆರೆದದ್ದು, ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ ಎನ್ನುವಂಥದ್ದು. ಹನ್ನೆರಡು ವರ್ಷದ ಹಿಂದೆ ಒಂದು ದಿನ ನಾನು ಐದು ಗೀರಿನದನ್ನು ತೆಗೆದು ಒಂದು ಗೀರಿನದನ್ನು ಹಾಕಿದೆ. ನಾನು ಬರೆಯಬೇಕಾದದ್ದು ಅಷ್ಟೇ. ಆದರೆ ಅಷ್ಟನ್ನೇ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಊರು ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿಯ ಬೆಟ್ಟ ಕಾಣುವಷ್ಟು ದೂರದಲ್ಲಿದೆ. ನನಗೆ ಹಿಪ್ಪುನೇರಳೆ ತೋಟವಿದೆ, ಸ್ವಲ್ಪ ರಾಗಿ ಹೊಲವಿದೆ. ಕಡಲೆಕಾಯಿ ಹಾಕಿದ ವರ್ಷ ಕಾಡುಹಂದಿಗಳ ಕಾಟ. ಅವನ್ನು ಬೆದರಿಸಿ ಓಡಿಸಲೆಂದು ಕೋಲಾರದ ಕಚೇರಿಗೆ ಅಲೆದು ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಬಂದೂಕನ್ನು ಬೆಂಗಳೂರಿನ ಅಂಗಡಿಯಿಂದ ತಂದೆ. ಊರಿನಲ್ಲಿ ಬದಲಾಯಿಸುವ ಚೋಕ್ ಇದ್ದ ಬಂದೂಕು ನನ್ನದೊಂದೇ. ನಾನು ಎಸ್‌ಎಸ್‌ಎಲ್‌ಸಿ ಪಾಸಾದವನು. ಬಂದೂಕಿನ ಜೊತೆಗೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕವನ್ನು ಪದ ಪದ ಬಿಡಿಸಿ ಓದಿದ್ದೆ. ಪಂಪ್‌ಹೌಸ್ ಗೋಡೆಗೆ ಹಳೆಯ ಪೇಪರ್ ಅಂಟಿಸಿ, ಮೂವತ್ತು ಹೆಜ್ಜೆ ಅಳೆದು, ಒಂದೊಂದು ಚೋಕಿಗೆ ಒಂದೊಂದು ನಂಬರಿನ ತೋಟಾ ಹಾಕಿ ಹೊಡೆದು, ತೂತುಗಳನ್ನು ಪೆನ್ಸಿಲಿನಿಂದ ಗುರುತು ಮಾಡುತ್ತ ಕೂರುತ್ತಿದ್ದೆ. ನನ್ನ ಹೆಂಡತಿ ನಗುತ್ತಿದ್ದಳು.

"ಎಲ್ಲಾರೂ ಪೇಪರ್ ಓದ್ತಾರೆ, ನೀವು ತೂತು ಓದ್ತೀರ."

ಓದಿ ಓದಿ ನನಗೆ ಅದು ಬಂದುಬಿಟ್ಟಿತ್ತು. ತೋಟಾದ ನಂಬರ್ ಚಿಕ್ಕದಾದಷ್ಟೂ ಚರೆ ದಪ್ಪ. ಬುರ್ಲಿ ಹಕ್ಕಿಗೆ ಎಂಟನೇ ನಂಬರ್, ಅದು ಕಾಲ ಬುಡದಿಂದ ಏಳುವುದರಿಂದ ತೆರೆದ ಬಾಯಿ. ಕೌಜುಗ ದೂರದಲ್ಲಿ ಏಳುತ್ತದೆ, ಅದಕ್ಕೆ ಆರನೇ ನಂಬರ್, ನಡುವಿನ ಬಾಯಿ. ಮೊಲಕ್ಕೆ ನಾಲ್ಕನೇ ನಂಬರ್; ಬಯಲಾದರೆ ಬಿಗಿ ಬಾಯಿ, ಪೊದೆಯಾದರೆ ತೆರೆದದ್ದು. ಹಂದಿಯ ದಪ್ಪ ಗುಂಡನ್ನು ಬಿಗಿ ಬಾಯಲ್ಲಿ ತೂರಿಸಬಾರದು, ನಳಿಗೆಯೂ ಹಾಳು, ಗುಂಡೂ ಅಡ್ಡಾದಿಡ್ಡಿ. ಇದನ್ನೆಲ್ಲ ನಾನು ಅರಳಿಕಟ್ಟೆಯ ಮೇಲೆ ಕೂತು ಪಾಠದಂತೆ ಹೇಳುತ್ತಿದ್ದೆ. ಇವುಗಳಲ್ಲಿ ಯಾವ ಪ್ರಾಣಿಯನ್ನೂ ಹೊಡೆಯಲು ಕಾನೂನು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು, ಕೇಳುತ್ತಿದ್ದವರಿಗೂ ಗೊತ್ತಿತ್ತು. ಲೈಸೆನ್ಸ್ ಇದ್ದದ್ದು ಬೆಳೆ ಕಾಯಲು. ನಾವು ಅದನ್ನು ನಾಲಗೆಯ ರುಚಿಗೆ ಬಳಸಿದೆವು. ಮೊದಲ ತಪ್ಪು ಅದೇ ಎಂದು ಬರೆದುಕೊಳ್ಳುತ್ತೇನೆ.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ಮಾಂಸದ ಊಟ ಆಗಲೇಬೇಕು. ಮನೆಮನೆಗೆ ಕುರಿ ಮಾಂಸದ ಗುಡ್ಡೆ ಬಂದರೂ, ನಮ್ಮೂರಿನ ಹತ್ತು ಹನ್ನೆರಡು ಜನಕ್ಕೆ ಬೆಟ್ಟದ ಮೊಲ ಬೇಕು. ಬೆಳಿಗ್ಗೆ ನಾಯಿಗಳೊಂದಿಗೆ ಹೊರಟು ಮೇಲಿನಿಂದ ಗದ್ದಲ ಮಾಡುತ್ತ ಮೊಲಗಳನ್ನು ಕೆಳಕ್ಕೆ ಅಟ್ಟಿಕೊಂಡು ಬರುವುದು, ಬಂದೂಕು ಇದ್ದವರು ಬುಡದಲ್ಲಿ ಕಾಯುವುದು. ಸಿಕ್ಕಿದ್ದನ್ನು ಒಬ್ಬ ಹಿರಿಯ ಪಾಲು ಹಾಕುತ್ತಿದ್ದ. ಹೋದವರಿಗೆಲ್ಲ ಸಮಪಾಲು, ನಾಯಿಗೂ ಒಂದು ಪಾಲು, ಯಾರ ಚರೆ ತಗುಲಿತೋ ಅವನಿಗೆ ತಲೆ ಮತ್ತು ಒಂದು ತೊಡೆ ಹೆಚ್ಚಿಗೆ. ಇಬ್ಬರು ಹೊಡೆದಿದ್ದರೆ ಜಗಳ. ಆಗ ಹಿರಿಯ ಮಾಂಸದಿಂದ ಚರೆ ಕಿತ್ತು ಅಂಗೈಯಲ್ಲಿಟ್ಟು ನನ್ನನ್ನು ಕರೆಯುತ್ತಿದ್ದ.

"ಲೇ ಎಸ್ಸೆಲ್ಸಿ, ಬಾರೋ ಇಲ್ಲಿ. ಯಾವ ನಂಬರ್ದು ನೋಡು."

ನಾನು ನೋಡಿ ಹೇಳಿದ್ದೇ ತೀರ್ಪು. ಯಾರೂ ಎದುರು ಮಾತಾಡುತ್ತಿರಲಿಲ್ಲ. ಒಂದು ಮೊಲದ ತೊಡೆಗಾಗಿ ನಾನು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಆ ನಂಬಿಕೆಯನ್ನೇ ನಾನು ಮುಂದೆ ಬಳಸಿಕೊಂಡೆ.

ಊರಿನಲ್ಲಿ ಇದ್ದ ಇನ್ನೊಂದು ಬಂದೂಕು ನನ್ನ ತಂಗಿಯ ಗಂಡನದು. ನಾವಿಬ್ಬರೂ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತೇವೆ. ಅದು ಅವನ ಅಪ್ಪನ ಕಾಲದ ಒಂಟಿ ನಳಿಗೆಯದು, ಚೋಕೇ ಇಲ್ಲ, ಉದ್ದಕ್ಕೂ ಒಂದೇ ಅಗಲ. ನಾನು ಅದನ್ನು ಒಲೆ ಊದುವ ಕೊಳವೆ ಎಂದು ಆಡಿಕೊಳ್ಳುತ್ತಿದ್ದೆ. ಅವನು ಸಿಟ್ಟಾಗುತ್ತಿರಲಿಲ್ಲ.

"ಆಯ್ತು ಬಾವ, ನಾನು ಊದ್ತೀನಿ, ನೀನು ಬೇಯ್ಸು," ಎನ್ನುತ್ತಿದ್ದ.

ಆ ವರ್ಷದ ಹೊಸತೊಡಕಿನಂದು ಅವನ ತೋಟಾಗಳಿಗೆ ತೇವ ಹಿಡಿದಿತ್ತು. ನನ್ನ ನಾಲ್ಕನೇ ನಂಬರಿನವನ್ನು ಎರಡು ಕೊಟ್ಟೆ. ಇಬ್ಬರೂ ಹೊಂಗೆ ತೋಪಿನ ಅಂಚಿನಲ್ಲಿ, ಇಪ್ಪತ್ತು ಹೆಜ್ಜೆ ಅಂತರದಲ್ಲಿ ಒಂದೊಂದು ಬಂಡೆಯ ಮರೆಗೆ ನಿಂತೆವು. ಮನೆಯಿಂದ ಹೊರಡುವಾಗ ನನ್ನ ಬಂದೂಕಿನಲ್ಲಿದ್ದದ್ದು ಎಂದಿನಂತೆ ಬಿಗಿ ಚೋಕ್. ಬೆಟ್ಟದ ಬುಡದ ಬಯಲಿಗೆ ನಾನು ಯಾವಾಗಲೂ ಬಿಗಿಯದನ್ನೇ ಹಾಕುತ್ತೇನೆ ಎಂದು ಊರಿಗೆಲ್ಲ ಗೊತ್ತಿತ್ತು, ನಾನೇ ಹೇಳಿಕೊಂಡು ತಿರುಗಿದ್ದೆ. ಆದರೆ ಅಲ್ಲಿ ನಿಂತು ನೋಡಿದಾಗ ಲಂಟಾನ ಹಿಂದಿನ ವರ್ಷಕ್ಕಿಂತ ದಟ್ಟವಾಗಿ ಬೆಳೆದಿತ್ತು. ಮೊಲ ಹೊರಬಿದ್ದರೆ ಹದಿನೈದು ಹೆಜ್ಜೆಯಲ್ಲಿ ಬೀಳುತ್ತದೆ, ಅಷ್ಟು ಹತ್ತಿರದಲ್ಲಿ ಬಿಗಿ ಬಾಯಿಯಲ್ಲಿ ಹೊಡೆದರೆ ಮಾಂಸವೆಲ್ಲ ಚಿಂದಿ. ಜೇಬಿನಿಂದ ಚೋಕ್ ತಿರುಗಿಸುವ ಕೀ ತೆಗೆದು ಬಿಗಿಯದನ್ನು ಬಿಚ್ಚಿ ಐದು ಗೀರಿನದನ್ನು ಹಾಕಿದೆ. ಬಂಡೆಯ ಮರೆಯಲ್ಲಿದ್ದುದರಿಂದ ಯಾರೂ ನೋಡಲಿಲ್ಲ.

ಆಯ್ಕೆ ಸರಿಯಾಗಿಯೇ ಇತ್ತು. ಇಂದಿಗೂ ಯಾರಾದರೂ ಕೇಳಿದರೆ ಆ ಪೊದೆಗೆ, ಆ ತೋಟಾಕ್ಕೆ, ಆ ಚೋಕೇ ಸರಿ ಎಂದೇ ಹೇಳುತ್ತೇನೆ. ತಪ್ಪಾದದ್ದು ಬೇರೆ. ವರ್ಷಗಟ್ಟಲೆ ಬಿಗಿ ಬಾಯಲ್ಲಿ ಹೊಡೆದು ನನ್ನ ಕಣ್ಣು ಒಂದು ಮೊರದಷ್ಟು ಅಗಲವನ್ನು ಮಾತ್ರ ನೋಡುವುದಕ್ಕೆ ಒಗ್ಗಿತ್ತು. ಮೊರದ ಆಚೆಗೆ ಏನಿದ್ದರೂ ನನಗೆ ಸಂಬಂಧವಿಲ್ಲ. ಕೊಳವೆ ಬದಲಾಯಿಸಿದೆ, ಕಣ್ಣು ಬದಲಾಯಿಸಲಿಲ್ಲ.

ಮೇಲಿನಿಂದ ಗದ್ದಲ ಇಳಿದು ಬಂತು. ಮೊಲ ನಮ್ಮಿಬ್ಬರ ಮುಂದೆ ಹೊರಬಿತ್ತು, ಆದರೆ ನಾನು ಎಣಿಸಿದ್ದಕ್ಕಿಂತ ದೂರದಲ್ಲಿ, ತೋಪಿನ ಕಡೆಗೆ ತಿರುಗಿ ಓಡಿತು. ಇಬ್ಬರೂ ಒಂದೇ ಉಸಿರಿಗೆ ಹೊಡೆದೆವು. ಒಂದೇ ಸದ್ದು ಎನ್ನುವಷ್ಟು ಒಟ್ಟಿಗೆ. ಮೊಲ ತಪ್ಪಿಸಿಕೊಂಡು ಹೋಯಿತು. ತೋಪಿನೊಳಗಿಂದ ಒಬ್ಬ ಹೆಂಗಸು ಕೂಗಿದಳು.

ನನಗೆ ಆ ದನಿ ಗೊತ್ತಿತ್ತು. ಕೆರೆಯ ಪಕ್ಕದ ಅರ್ಧ ಎಕರೆ ಹೊಲದವಳು, ನಾನು ಅಕ್ಕ ಎಂದು ಕರೆಯುತ್ತಿದ್ದವಳು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆ ದಿನಗಳಲ್ಲಿ ಹೊಂಗೆ ಕಾಯಿ ಉದುರುತ್ತದೆ, ಅವಳು ಹಬ್ಬವೆನ್ನದೆ ಬಂದು ಆಯುತ್ತಿದ್ದಳು. ನಾವು ಬರುತ್ತೇವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತೋಪಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಹೊಡೆಯುವ ಮೊದಲು ಕೂಗಿ ನೋಡುವುದು ಬುಡದಲ್ಲಿ ನಿಂತವರ ಕೆಲಸ, ನನ್ನ ಪಾಠದಲ್ಲಿ ಅದೂ ಇತ್ತು. ಅಂದು ನಾನು ಕೂಗಿರಲಿಲ್ಲ, ಮೊಲ ಬೆದರೀತೆಂದು.

ಅವಳು ಎರಡನೆಯ ಸಲ ಕೂಗಿದಳು. ನನ್ನ ಕಾಲು ಆ ಕಡೆ ಹೋಗಲಿಲ್ಲ. ಬಂದೂಕಿನ ಬಾಯಿ ನೋಡಿದೆ. ಅಂಚಿನಲ್ಲಿ ಐದು ಗೀರು. ಇಷ್ಟು ದೂರಕ್ಕೆ ಬಿಗಿ ಚೋಕಾಗಿದ್ದರೆ ಚರೆ ಒಂದು ಮೊರದ ಅಗಲಕ್ಕೆ ಹೋಗುತ್ತಿತ್ತು, ತೆರೆದದ್ದಾದ್ದರಿಂದ ಮಂಚದಗಲ ಹರಡಿತು ಎಂಬ ಲೆಕ್ಕ, ಯಾರಿಗೆ ಏನಾಯಿತು ಎಂಬ ಚಿಂತೆಗಿಂತ ಮೊದಲೇ ನನ್ನ ತಲೆಗೆ ಬಂತು. ಕೂತೆ. ಕೀ ಹಾಕಿ ತಿರುಗಿಸಿದೆ. ಕೊಳವೆ ಬೆಚ್ಚಗಿತ್ತು, ಒಳಗೆಲ್ಲ ಮಸಿ. ಅವಳು ಮೂರನೆಯ ಸಲ ಕೂಗಿದಳು, "ಯಾರಾದ್ರೂ ಬನ್ರೋ" ಎಂದು. ಒಂದು ಗೀರಿನದನ್ನು ಹಾಕಿ ಬಿಗಿ ಮಾಡಿದೆ. ಬೆರಳನ್ನು ಮಣ್ಣಿನಲ್ಲಿ ಉಜ್ಜಿದೆ. ಆಮೇಲೆ ಎದ್ದೆ.

ಅಷ್ಟರಲ್ಲಿ ಬಾವ ತನ್ನ ಬಂದೂಕನ್ನು ಬಂಡೆಯ ಮೇಲೆ ಎಸೆದು ಓಡಿದ್ದ. ನಾನು ಹೋಗುವ ಹೊತ್ತಿಗೆ ಅವನು ಅವಳನ್ನು ಮರಕ್ಕೆ ಒರಗಿಸಿ ತನ್ನ ಟವೆಲನ್ನು ಅವಳ ಬಲ ಮುಂಗೈಗೆ ಸುತ್ತುತ್ತಿದ್ದ. ಅವನ ಬಿಳಿ ಅಂಗಿಯೆಲ್ಲ ರಕ್ತ. ಅವನು ನನ್ನನ್ನು ನೋಡಿ ಹೇಳಿದ ಮೊದಲ ಮಾತು, "ನನ್ನಿಂದ ಆಗೋಯ್ತು ಬಾವ."

ನಾನು "ಇಲ್ಲ" ಎನ್ನಲಿಲ್ಲ.

ಕೋಲಾರದ ದೊಡ್ಡಾಸ್ಪತ್ರೆಗೆ ಕರೆದೊಯ್ದರೆ ಪೊಲೀಸರಿಗೆ ಚೀಟಿ ಹೋಗುತ್ತದೆ, ಹೊಸತೊಡಕಿಗೆ ಹೋದವರೆಲ್ಲ ಒಳಗೆ ಹೋಗುತ್ತಾರೆ ಎಂದು ಎಲ್ಲರೂ ಹೆದರಿದರು. ಪಕ್ಕದ ಊರಿನಲ್ಲಿ ನಿವೃತ್ತ ಕಾಂಪೌಂಡರ್ ಒಬ್ಬರಿದ್ದರು. ಅವರು ಮನೆಯಲ್ಲೇ ಮೂರು ಚರೆ ತೆಗೆದರು, ಮಣಿಕಟ್ಟಿನ ಒಂದು ಸಿಗಲಿಲ್ಲ. ಗಾಯ ಮಾಗಿತು. ಕೈ ಮುಷ್ಟಿ ಕಟ್ಟುವುದು ಮಾತ್ರ ನಿಂತುಹೋಯಿತು. ಅಂದೇ ಕೋಲಾರಕ್ಕೆ ಹೋಗಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅದರಲ್ಲಿ ನಮ್ಮೆಲ್ಲರ ಪಾಲೂ ಇದೆ.

ಸಂಜೆ ಬತ್ತಿದ ಕೆರೆಯಂಗಳದಲ್ಲಿ ಎಲ್ಲರೂ ಸೇರಿದರು. ಪಾಲು ಹಾಕುವ ಹಿರಿಯ, ಕಾಂಪೌಂಡರ್ ತೆಗೆದುಕೊಟ್ಟಿದ್ದ ಚರೆಗಳನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕರೆದ.

"ಎಸ್ಸೆಲ್ಸಿ, ಯಾವ ನಂಬರ್ದು?"

"ನಾಲ್ಕನೇದು. ಇಬ್ಬರದೂ ಅದೇ, ನಾನೇ ಕೊಟ್ಟದ್ದು."

"ಹಂಗಾದ್ರೆ ಗೊತ್ತಾಗಲ್ಲ," ಎಂದ ಹಿರಿಯ. "ಇಬ್ಬರೂ ಹೊಡೆದ್ರಿ. ಇಬ್ಬರದೂ ಅಂತ ಇಟ್ಕೊಳ್ಳಿ. ಆ ಹೆಣ್ಮಗಳ ಹೊಲ ಇಬ್ಬರೂ ಸೇರಿ ನೋಡ್ಕೊಳ್ಳಿ, ಮುಗೀತು."

ಅಲ್ಲಿಗೆ ಮುಗಿಯಬೇಕಿತ್ತು. ಅರ್ಧ ಹೊರಬೇಕಿತ್ತು ನಾನು, ಅಷ್ಟೇ. ಯಾರೂ ನನ್ನನ್ನು ಕಳ್ಳ ಎನ್ನುತ್ತಿರಲಿಲ್ಲ. ಆದರೆ ಅಷ್ಟು ವರ್ಷ ಪಾಠ ಹೇಳಿದವನ ಚರೆ ಹೆಂಗಸಿನ ಕೈಗೆ ಬಿತ್ತು ಎಂಬ ಮಾತು ಅರಳಿಕಟ್ಟೆಯಲ್ಲಿ ಅರ್ಧದಷ್ಟೂ ಹುಟ್ಟಬಾರದಿತ್ತು ನನಗೆ. ಪೊಲೀಸರಿಗಿಂತ ನಾನು ಹೆದರಿದ್ದು ಆ ನಗೆಗೆ.

"ಗೊತ್ತಾಗುತ್ತೆ," ಎಂದೆ. "ಅವಳ ಪಕ್ಕದ ಮರದ ಮೇಲೂ ಚರೆ ಬಿದ್ದಿದೆ, ಅವಳ ಕೈಗೂ ಬಿದ್ದಿದೆ. ನಡುವೆ ಒಂದು ಮಾರು ದೂರ. ನನ್ನ ಚೋಕ್ ಬಿಗಿಯದು, ಅಷ್ಟು ಹರಡಲ್ಲ. ಬೇಕಾದ್ರೆ ಚೀಲಕ್ಕೆ ಹೊಡೆದು ನೋಡೋಣ."

ಗೊಬ್ಬರದ ಎರಡು ಬಿಳಿ ಚೀಲಗಳನ್ನು ಸೀಳಿ ಏರಿಗೆ ಮುಳ್ಳಿನಿಂದ ಚುಚ್ಚಿ ಹರಡಿದರು. ಮೂವತ್ತು ಹೆಜ್ಜೆ ಅಳೆದದ್ದು ನಾನೇ. ಮೊದಲು ನಾನು ಹೊಡೆದೆ. ಚೀಲದ ನಟ್ಟನಡುವೆ ಮೊರದಷ್ಟು ಜಾಗದಲ್ಲಿ ಎಲ್ಲ ತೂತುಗಳೂ ಗುಂಪಾಗಿ ಕೂತಿದ್ದವು. ಆಮೇಲೆ ಬಾವ ಹೊಡೆದ. ಅವನ ಏಟು ಚೀಲದ ತುಂಬ ಚೆಲ್ಲಿ, ಆಚೀಚೆಯ ಮಣ್ಣನ್ನೂ ಎಬ್ಬಿಸಿತು. ಯಾರೋ "ಅಯ್ಯೋ" ಎಂದರು. ಹೊಡೆಯುವ ಮೊದಲು ನನ್ನ ಕೊಳವೆಯೊಳಗೆ ಒಂದು ಬೆರಳು ಹಾಕಿ ನೋಡಿದ್ದರೆ ಸಾಕಿತ್ತು. ಬೆಳಿಗ್ಗೆ ತೋಟಾ ಹಾರಿಸಿದ ಬಂದೂಕಿನ ಬಾಯಿ ಮಸಿಯಿಲ್ಲದೆ ಹೊಳೆಯುವುದು ಹೇಗೆ? ಅದನ್ನು ಕೇಳುವಷ್ಟು ತಿಳಿದವನು ಆ ಊರಿನಲ್ಲಿ ಒಬ್ಬನೇ ಇದ್ದ.

"ಮೇಷ್ಟ್ರು ಪರೀಕ್ಷೆ ಇಟ್ರು, ಮೇಷ್ಟ್ರೇ ಪಾಸಾದ್ರು," ಎಂದು ಹಿಂದಿನಿಂದ ಯಾರೋ ತಮಾಷೆ ಮಾಡಿದ. ಒಂದಿಬ್ಬರು ನಕ್ಕರು.

ಬಾವ ಮುಂದೆ ಬಂದು ಕೈಕಟ್ಟಿ ನಿಂತ. "ನಾನು ಆಗ್ಲೇ ಹೇಳ್ದೆ ಕಣ್ರಪ್ಪ, ನನ್ನಿಂದಲೇ ಅಂತ. ಆ ಯಮ್ಮ ಇರೋವರೆಗೂ ಅವಳ ಹೊಲ ನಾನೇ ಉತ್ತು ಬಿತ್ತಿ ಕೊಡ್ತೀನಿ. ನನ್ನ ಹೊಲಕ್ಕಿಂತ ಮೊದ್ಲು ಅವಳ್ದು."

ಅದೇ ತೀರ್ಮಾನವಾಯಿತು. ಮುಂದಿನ ವಾರ ಅವನು ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿ, ಲೈಸೆನ್ಸ್ ವಾಪಸ್ ಮಾಡಿ ಬಂದ. ಕೋಲಾರಕ್ಕೆ ಅವನ ಜೊತೆ ಹೋಗಿ ಅರ್ಜಿ ಬರೆದುಕೊಟ್ಟವನು ನಾನು.

ಕೆರೆ ಪಕ್ಕದ ಆ ಹೊಲ ಸುಲಭದ್ದಲ್ಲ. ಮಣ್ಣಿಗಿಂತ ಕಲ್ಲು ಹೆಚ್ಚು, ನಡುವೆ ಎರಡು ಹುಟ್ಟುಬಂಡೆಗಳು. ಟ್ರ್ಯಾಕ್ಟರ್ ತಿರುಗುವುದಿಲ್ಲ. ಮೊದಲು ಎತ್ತು ಕಟ್ಟಿ ಉಳುತ್ತಿದ್ದ, ಎತ್ತು ಮಾರಿದ ಮೇಲೆ ಟಿಲ್ಲರ್ ತಂದು ಉಳುತ್ತಿದ್ದ. ಮುಂಗಾರಿನ ಮೊದಲ ಹದಮಳೆ ಬಿದ್ದ ಬೆಳಿಗ್ಗೆ ಅವನು ಅಲ್ಲಿರುತ್ತಿದ್ದ. ಬಸ್ ಹಿಡಿಯಲು ಹೋಗುವ ದಾರಿ ಆ ಹೊಲದ ಪಕ್ಕದಲ್ಲೇ. ಅವನು ನನ್ನನ್ನು ಕಂಡರೆ ಕೈ ಎತ್ತುತ್ತಿದ್ದ, ನಾನೂ ಎತ್ತುತ್ತಿದ್ದೆ. ಅವಳು ಎಡಗೈಯಲ್ಲಿ ಮುದ್ದೆ ಸಾರಿನ ತಟ್ಟೆ ಹಿಡಿದು ಬದುವಿನ ಮೇಲೆ ಕಾಯುತ್ತಿದ್ದಳು. ಮೊದಲ ವರ್ಷ ಮಾತಿರಲಿಲ್ಲವಂತೆ. ಆಮೇಲೆ ಬೈಯತೊಡಗಿದಳು, "ಲೇ, ಸಾಲು ಸೊಟ್ಟ ಹೋಯ್ತಿದೆ, ಕಣ್ಣು ಎಲ್ಲಿಟ್ಟಿದ್ದೀಯ?" ಎಂದು. ಅವನಿಗೆ ಅವಳ ಬೈಗುಳ ಸಮಾಧಾನ ಕೊಡುತ್ತಿತ್ತು ಎಂದು ತಂಗಿ ಹೇಳುತ್ತಿದ್ದಳು.

ನಾನೂ ಅವಳಿಗೆ ಉಪಕಾರ ಮಾಡಿದೆ. ವಿಧವಾ ವೇತನದ ಫಾರಂ ತುಂಬಿಕೊಟ್ಟೆ, ಮುಳಬಾಗಿಲಿಗೆ ಅಲೆದೆ. ಅವಳು ಊರಲ್ಲೆಲ್ಲ ಹೇಳುತ್ತಿದ್ದಳು, "ಓದಿದೋನು ಅಂದ್ರೆ ಹಂಗಿರ್ಬೇಕು." ಅದನ್ನು ಕೇಳಿ ಮನೆಗೆ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಮುಂದಿನ ಸಲ ಫಾರಂ ತಂದಾಗ ತುಂಬಿಕೊಡುತ್ತಿದ್ದೆ. ಅದು ಅವಳಿಗಾಗಿ ಮಾಡಿದ್ದಲ್ಲ.

ಬೇಟೆಗೆ ನಾನು ಇನ್ನೆರಡು ವರ್ಷ ಹೋದೆ, ಹೋಗದಿದ್ದರೆ ಅನುಮಾನ ಬರುತ್ತದೆಂದು. ಬಾವ ಅಂದಿನಿಂದ ಮಾಂಸ ಬಿಟ್ಟ. ಹೊಸತೊಡಕಿನ ದಿನ ತಂಗಿಯ ಮನೆಯಲ್ಲಿ ಒಲೆಯ ಮೇಲೆ ಬರೀ ಹುರುಳಿ ಸಾರು. ಮೊದಮೊದಲು ತಂಗಿ ಗೊಣಗುತ್ತಿದ್ದಳು, ಆಮೇಲೆ ಅವಳೂ ಬಿಟ್ಟಳು.

ಹೋದ ವರ್ಷ ಬೇಸಿಗೆಯಲ್ಲಿ ಬಾವನಿಗೆ ಸೊಂಟದ ಆಪರೇಷನ್ ಆಯಿತು. ಭಾರ ಎತ್ತಬಾರದು, ಟಿಲ್ಲರ್ ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದ್ದರು. ಎರಡು ತಿಂಗಳ ಮೇಲೆ ನೋಡಲು ಹೋದಾಗ ಅವನು ಕೊಟ್ಟಿಗೆಯಲ್ಲಿ ಕೋಲೂರಿಕೊಂಡು ಟಿಲ್ಲರಿಗೆ ಎಣ್ಣೆ ಬಿಡುತ್ತಿದ್ದ. ತಂಗಿ ನನ್ನನ್ನು ಹಿತ್ತಲಿಗೆ ಕರೆದಳು.

"ನೀನಾದ್ರೂ ಹೇಳಣ್ಣ. ಮಳೆ ಬಿದ್ರೆ ಆ ಹೊಲಕ್ಕೆ ಹೋಗ್ತೀನಿ ಅಂತಾರೆ. ಕೂಲಿಗೆ ಯಾರ್ನಾದ್ರೂ ಕಳಿಸೋಣ ಅಂದ್ರೆ, ನಾನು ಮಾಡಿದ ಪಾಪ, ನನ್ನ ಕೈಯಲ್ಲೇ ತೀರ್ಬೇಕು ಅಂತಾರೆ. ಈ ಸೊಂಟ ಇಟ್ಕೊಂಡು ಆ ಕಲ್ಲಲ್ಲಿ ಬಿದ್ರೆ ಮತ್ತೆ ಏಳ್ತಾರಾ? ನಿನ್ನ ಮಾತು ಕೇಳ್ತಾರೆ ಅವ್ರು."

ನನ್ನ ಮಾತು ಕೇಳುತ್ತಾನೆ. ಹನ್ನೊಂದು ವರ್ಷ ಕೇಳಿಯೇ ಇದ್ದ. ಅವನು ಮಾಡದ ಪಾಪಕ್ಕೆ ಅವನ ಸೊಂಟವೂ ಹೋಗುವುದನ್ನು ನೋಡುವುದೊಂದು ಬಾಕಿಯಿತ್ತು ನನಗೆ. ಮನೆಗೆ ಹೋಗಿ ಚೋಕುಗಳ ಡಬ್ಬಿ ತಂದು, ಕೊಟ್ಟಿಗೆಯಲ್ಲಿ ಅವನೆದುರು ಒಂದು ಮೂಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೊದಲಿನಿಂದ ಹೇಳಲು ಬರಲಿಲ್ಲ. "ಅವತ್ತು ನನ್ನ ಬಂದೂಕಲ್ಲಿ ತೆರೆದ ಚೋಕ್ ಇತ್ತು ಬಾವ" ಎಂದು ಶುರು ಮಾಡಿದೆ.

ಅವನು ಎಣ್ಣೆಯ ಡಬ್ಬ ಕೆಳಗಿಟ್ಟ. "ತೋರ್ಸು, ಯಾವುದು?" ಎಂದ.

ಐದು ಗೀರಿನದನ್ನು ಕೊಟ್ಟೆ. ಅವನು ಅದರೊಳಗೆ ಬೆರಳು ಹಾಕಿ ತಿರುಗಿಸಿದ. 

"ನನ್ನ ಏಟು ಎಲ್ಲಿ ಹೋಯ್ತು ಹಂಗಾದ್ರೆ?"

"ನೀನು ಮೊಲದ ಹಿಂದಕ್ಕೆ ಹೊಡ್ದೆ. ನೆಲದಲ್ಲಿ ಧೂಳೆದ್ದದ್ದು ನಾನು ಕಂಡೆ."

"ಕಂಡೆ," ಎಂದ ಅವನು. ಪ್ರಶ್ನೆಯಾಗಿ ಅಲ್ಲ. "ಕಂಡೂ ಚೀಲ ಕಟ್ಸಿದೆ."

ಬೈದಿದ್ದರೆ ಕೈ ಮುಗಿಯುತ್ತಿದ್ದೆ. ಅವನು ಕೋಲು ಹಿಡಿದು ಎದ್ದ. "ಏಳು. ನನಗೆ ಹೇಳಿ ಏನಾಗ್ಬೇಕು? ಆ ಯಮ್ಮನಿಗೆ ಹೇಳು," ಎಂದ. ಬೀದಿಯಲ್ಲಿ ಅವನು ಮುಂದೆ, ನಾನು ಹಿಂದೆ. ಅವನು ಅಷ್ಟು ನಿಧಾನವಾಗಿ ನಡೆಯುತ್ತಿದ್ದರೂ ನಾನು ಅವನ ಸರಿಸಮಕ್ಕೆ ಹೋಗಲಿಲ್ಲ.

ಅಕ್ಕ ಜಗಲಿಯ ಮೇಲೆ ಬಿತ್ತನೆಯ ಕಡಲೆಕಾಯಿ ಸುಲಿಯುತ್ತಿದ್ದಳು. ಬಲಗೈಯ ಬೆರಳುಗಳಲ್ಲಿ ಕಾಯಿಯನ್ನು ಒತ್ತಿ ಹಿಡಿದು ಎಡಗೈಯಲ್ಲಿ ಬಿಡಿಸುವುದನ್ನು ಕಲಿತಿದ್ದಳು. ನಾನು ಕೆಳಗೆ ನೆಲದ ಮೇಲೆ ಕೂತು ಹೇಳಿದೆ. ಚೋಕು, ಚೀಲ, ಗೀರು ಯಾವುದೂ ಅವಳಿಗೆ ಬೇಕಿರಲಿಲ್ಲ. ಅರ್ಧದಲ್ಲೇ ತಡೆದಳು.

"ಅಂದ್ರೆ ನನಗೆ ಬಿದ್ದದ್ದು ನಿಂದು."

"ಹೂಂ ಅಕ್ಕ, ನಂದು. ಇನ್ಮೇಲೆ ನಿನ್ನ ಹೊಲ ನಾನು ನೋಡ್ಕೊತೀನಿ. ನಾನೇ ನಿಂತು ಉಳ್ತೀನಿ. ಬಾವನ್ನ ಬಿಟ್ಬಿಡು."

 "ಮೊಲ ಅಂತ ಹೊಡ್ದೆ. ನನ್ನ ನೋಡಿ ಹೊಡೀಲಿಲ್ಲ. ಅದಕ್ಕೆ ನಾನೇನೂ ಅನ್ನಲ್ಲ," ಎಂದಳು. "ನಾನು ಕೂಗಿದ್ದು ಕೇಳಿಸ್ತಾ?"

ಸುಳ್ಳು ಹೇಳಲು ಅಲ್ಲಿ ಇನ್ನೂ ಜಾಗವಿತ್ತು. ಅದು ನನಗೆ ಕಾಣಿಸಿತು ಕೂಡ.

"ಕೇಳಿಸ್ತು."

"ಎಷ್ಟು ಸಲ?"

"ಮೂರು ಸಲ."

"ನಾಲ್ಕು," ಎಂದಳು. "ನಾಲ್ಕನೇದಕ್ಕೆ ಇವನು ಬಂದ. ಅಲ್ಲಿವರೆಗೂ ನೀನು ಏನು ಮಾಡ್ತಿದ್ದೆ?"

"ಚೋಕ್ ಬಿಚ್ತಿದ್ದೆ."

ಅವಳು ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ಬಾವನ ಕಡೆ ತಿರುಗಿ, "ನಿನಗೆ ಗೊತ್ತಿತ್ತೇನೋ?" ಎಂದು ಕೇಳಿದಳು. ಅವನು ತಲೆಯಾಡಿಸಿದ, ಗೊತ್ತಿರಲಿಲ್ಲ ಎಂದು. "ಗೊತ್ತಿಲ್ದೆ ಹನ್ನೊಂದು ವರ್ಷ ಉತ್ತೆಯಲ್ಲೋ ಪಾಪಿ," ಎಂದಳು. ಅವಳ ದನಿ ಒಡೆಯಿತು. ಅವನೂ ಅತ್ತ. ನನ್ನ ಮುಂದೆಯೇ ಇಬ್ಬರೂ ಅತ್ತರು, ನಾನು ಅಲ್ಲಿಲ್ಲ ಎನ್ನುವ ಹಾಗೆ.

ಆಮೇಲೆ ಅವಳು ನನಗೆ ಹೇಳಿದಳು. "ನನ್ನ ಹೊಲಕ್ಕೆ ನಿನ್ನ ಕಾಲು ಬೇಡ. ಉತ್ತು ತೀರಿಸ್ಕೊಂಡು ಹೋಗ್ತೀನಿ ಅಂತ ಬಂದೆ, ಅಲ್ವಾ? ಬೇಡ. ಆ ಕೆರೆಯಂಗಳದಲ್ಲಿ ನಿಂತು ನೋಡ್ದೋರು ಇನ್ನೂ ಬದುಕಿದ್ದಾರಲ್ಲ, ಅವ್ರಿಗೆ ಹೇಳು ಹೋಗು. ಒಬ್ಬೊಬ್ಬರ ಮನೆಗೂ ಹೋಗಿ ಹೇಳು. ಎದ್ದೇಳು ಈಗ."

ಪಾಲು ಹಾಕುತ್ತಿದ್ದ ಹಿರಿಯ ತೀರಿಕೊಂಡು ಬಹಳ ವರ್ಷವಾಯಿತು. ಉಳಿದವರು ಎಂಟು ಜನ. ಒಬ್ಬೊಬ್ಬರ ಮನೆಗೂ ಹೋದೆ. ಒಬ್ಬ ಬಾಗಿಲಲ್ಲೇ ನಿಲ್ಲಿಸಿ ಕೇಳಿ, ಒಳಗೆ ಕರೆಯದೆ ಕಳಿಸಿದ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯಲ್ಲಿರುವ ಒಬ್ಬನನ್ನು ಬಸ್ಸಿನಲ್ಲಿ ಹೋಗಿ ಹುಡುಕಿದೆ. ಅಂದು ಮೇಷ್ಟ್ರು ಪಾಸಾದ್ರು ಎಂದು ತಮಾಷೆ ಮಾಡಿದವನು ತಾನೇ ಎಂದು ಅವನೇ ಹೇಳಿದ. "ಹೋಗ್ಲಿ ಬಿಡು ಮಾವ, ಯಾವ ಕಾಲದ್ದೋ" ಎಂದು ಟೀ ತರಿಸಿದ. ಆ ಟೀ ಕುಡಿಯಲು ಕಷ್ಟವಾಯಿತು. ಬಿಟ್ಟುಬಿಡಲು ಅವನಿಗೆ ಏನು ಹಕ್ಕಿತ್ತು? ಇನ್ನೊಬ್ಬ ಮಾತ್ರ ಸರಿಯಾಗಿ ಕೇಳಿದ, "ನಾವೆಲ್ಲ ನಿನ್ನ ಮಾತು ಕೇಳಿ ಅವನನ್ನ ಹನ್ನೊಂದು ವರ್ಷ ಹೆಂಗೆ ನೋಡಿದ್ವಿ ಗೊತ್ತಾ?" ಎಂದು. ಗೊತ್ತಿತ್ತು. ನಾನೂ ಹಾಗೆಯೇ ನೋಡುತ್ತಿದ್ದೆ, ಎಲ್ಲರಿಗೂ ಕಾಣುವಂತೆ.

ಬಂದೂಕನ್ನು ಒಪ್ಪಿಸಿ, ಲೈಸೆನ್ಸ್ ನವೀಕರಣ ಬೇಡವೆಂದು ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ವಯಸ್ಸು ಎಂದು ಬರೆದೆ. ಅಲ್ಲಿ ಇನ್ನೊಂದು ಸಾಲು ಬರೆಯುವ ಧೈರ್ಯ ಬರಲಿಲ್ಲ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಂಟು ಜನ ಕೇಳಿದ್ದಾರೆ, ಆದರೆ ಅವರು ಹನ್ನೊಂದು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದಾರೋ, ಆ ಊರು ಈ ಊರಿನ ನೆಂಟರ ಮನೆಗಳಲ್ಲಿ ನನ್ನ ಬಾವನ ಹೆಸರಿನ ಜೊತೆ ಆ ಕೈ ಎಲ್ಲೆಲ್ಲಿ ಬಂದಿದೆಯೋ, ಅಲ್ಲಿಗೆಲ್ಲ ನಾನು ಬಸ್ಸಿನಲ್ಲಿ ಹೋಗಲಾರೆ.

ತಂಗಿ ನನ್ನ ಮನೆಗೆ ಬರುವುದನ್ನು ನಿಲ್ಲಿಸಿದ್ದಾಳೆ. ಬಾವ ದಾರಿಯಲ್ಲಿ ಸಿಕ್ಕರೆ ಮಾತಾಡುವುದಿಲ್ಲ. ಈ ವರ್ಷದ ಹೊಸತೊಡಕಿಗೆ ಅವರ ಮನೆಯಲ್ಲಿ ಮಾಂಸ ಮಾಡಿದರಂತೆ. ಅವನು ಎರಡು ತುತ್ತು ತಿಂದು, ರುಚಿ ಮರೆತುಹೋಗಿದೆ ಎಂದು ತಟ್ಟೆ ಸರಿಸಿದನಂತೆ.

ಈ ಸಲದ ಮುಂಗಾರಿನ ಮೊದಲ ಹದಮಳೆ ಬಿದ್ದ ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊರಟಿದ್ದೆ. ಕೆರೆ ಪಕ್ಕದ ಹೊಲದಲ್ಲಿ ಬಾಡಿಗೆಯ ಟಿಲ್ಲರ್ ಓಡುತ್ತಿತ್ತು, ಹಿಡಿದವನು ಬೇರೆ ಊರಿನವನು. ಬಾವ ಬದುವಿನ ಮೇಲೆ ಕೋಲೂರಿ ನಿಂತು, ಎಲ್ಲಿ ಕಲ್ಲಿದೆ, ಎಲ್ಲಿ ತಿರುಗಿಸಬೇಕು ಎಂದು ಅವನಿಗೆ ಕೂಗಿ ಹೇಳುತ್ತಿದ್ದ. ಅವನು ಬರಬೇಕಾಗಿರಲಿಲ್ಲ. ಯಾರೂ ಅವನನ್ನು ಕರೆದಿರಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಏನೋ ಬೈಯುತ್ತಿದ್ದಳು, ಅವನು ಬೈಸಿಕೊಂಡು ನಗುತ್ತಿದ್ದ.

ನಾನು ದಾರಿಯಲ್ಲಿ ನಿಂತೆ. ಅವನು ನನ್ನನ್ನು ನೋಡಿದ. ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಟಿಲ್ಲರ್ ಹುಟ್ಟುಬಂಡೆಯ ಹತ್ತಿರ ಬಂದಿತ್ತು, ಅವನು ಆ ಕಡೆ ತಿರುಗಿ "ಎಡಕ್ಕೆ, ಎಡಕ್ಕೆ" ಎಂದು ಕೂಗಿದ. ನಾನು ಬಸ್ಸಿಗೆ ನಡೆದೆ.